ಕೋಟೆಬಾಗಿಲು ಕಾದದ್ದು ಏನನ್ನು?

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಬಾಗಿಲುಗಳಿಗೇನೂ ಬರಗಾಲವಿಲ್ಲ. ಬ್ರಹ್ಮಕಲಶ ಆದ ದೇವಸ್ಥಾನಕ್ಕೆಲ್ಲ ಮುಖ್ಯರಸ್ತೆಯ ಬದಿಯಲ್ಲಿ ಕಾಂಕ್ರೀಟಿನ ಮಹಾದ್ವಾರ ಎದ್ದಿರುತ್ತದೆ. ದಾನಿಗಳ ಹೆಸರು ಓದುವಷ್ಟರಲ್ಲಿ ಬಸ್ಸು ಮುಂದಿನ ಸ್ಟಾಪ್ ತಲುಪಿರುತ್ತದೆ. ಆದರೆ ಪೇಟೆಗೆ ಸುತ್ತಲೂ ಗೋಡೆ ಕಟ್ಟಿ, ರಾತ್ರಿ ಮುಚ್ಚಿ ಬೆಳಗ್ಗೆ ತೆರೆಯುವ ಹಳೆಯ ನಗರದ್ವಾರ? ಅಂಥದ್ದು ನಮ್ಮಲ್ಲಿಲ್ಲ. ಯುರೋಪಿನ ಹಳೆಯ ಊರುಗಳ ಚಿತ್ರ ನೋಡಿದವರಿಗೆ ಇದೊಂದು ಕೊರತೆಯಂತೆ ಕಂಡೀತು. ನನಗೆ ಹಾಗೇನೂ ಅನ್ನಿಸುವುದಿಲ್ಲ. ಬಾಗಿಲು ಇದ್ದ ಊರುಗಳ ಕತೆಯನ್ನು ಸ್ವಲ್ಪ ಕೆದಕಿದರೆ, ಆ ಬಾಗಿಲುಗಳು ಶತ್ರುವನ್ನು ತಡೆದದ್ದಕ್ಕಿಂತ ಹೆಚ್ಚಾಗಿ ಬೇರೆಯೇ ಕೆಲಸ ಮಾಡಿದ್ದು ಕಾಣುತ್ತದೆ.

ಮೊದಲು ನಮ್ಮಲ್ಲಿ ಯಾಕಿಲ್ಲ ಎಂಬುದನ್ನು ನೋಡೋಣ. ಗೋಡೆ ಕಟ್ಟಬೇಕಾದರೆ ಮನೆಗಳು ಒಂದೆಡೆ ಗುಂಪಾಗಿರಬೇಕು. ನಮ್ಮ ಮನೆಗಳು ಇರುವುದೇ ಗುಡ್ಡಕ್ಕೊಂದು, ಬೈಲಿಗೊಂದು. ಗದ್ದೆ ಎಲ್ಲಿಯೋ ಮನೆ ಅಲ್ಲಿ. ತೋಟ ಎಲ್ಲಿಯೋ ನೀರಿನ ಕಣಿ ಅಲ್ಲಿ. ಅಧಿಕಾರವೂ ಹಾಗೆಯೇ ಬೀಡು, ಗುತ್ತುಗಳಲ್ಲಿ ಹಂಚಿಹೋಗಿತ್ತು. ದೊಡ್ಡ ಗುತ್ತಿನ ಮನೆಗೆ ಪಡಿಪ್ಪಿರೆ ಇತ್ತು, ಸಾಮಾನ್ಯರ ಹಿತ್ತಲಿಗೆ ತಡಮೆ. ಎರಡು ಕಂಬಗಳಿಗೆ ತೂತು ಕೊರೆದು, ಅದರೊಳಗೆ ಮೂರು ಬಿದಿರು ಸರಿಸಿಬಿಟ್ಟರೆ ಉಣುಗೋಲು ಆಯಿತು. ದನ ಒಳಗೆ ಬರಬಾರದು, ಮನುಷ್ಯ ಬರಬಹುದು, ಅಷ್ಟೇ ಅದರ ನಿಯಮ. ಊರಿಗೆ ಗೋಡೆ ಬೇಕಿದ್ದರೆ ಪೂರ್ವಕ್ಕೆ ಘಟ್ಟವಿತ್ತು, ಮಳೆಗಾಲದ ನಾಲ್ಕು ತಿಂಗಳು ಕುಮಾರಧಾರೆಯೂ ಪಯಸ್ವಿನಿಯೂ ಕಂದಕದ ಕೆಲಸ ಮಾಡುತ್ತಿದ್ದವು.

ಇನ್ನು ಗೋಡೆ ಕಟ್ಟಿಕೊಂಡವರ ಕಡೆ ಹೋಗೋಣ. ಉತ್ತರ ಜರ್ಮನಿಯಲ್ಲಿ ಲ್ಯೂಬೆಕ್ ಎಂಬ ವ್ಯಾಪಾರಿಗಳ ನಗರವಿದೆ. ಅಲ್ಲಿನ ಹೋಲ್ಸ್ಟನ್ ದ್ವಾರ ಗೋಥಿಕ್ ಕಾಲದ ನಗರದ್ವಾರಗಳಲ್ಲಿ ಬಹುಶಃ ಎಲ್ಲಕ್ಕಿಂತ ಪ್ರಸಿದ್ಧವಾದದ್ದು. 1464ರಲ್ಲಿ ಕೆಲಸ ಶುರುವಾಗಿ 1478ಕ್ಕೆ ಮುಗಿಯಿತು. ಕೆಂಪು ಇಟ್ಟಿಗೆಯ ಎರಡು ದಪ್ಪ ಗೋಪುರ, ಮೇಲೆ ಶಂಕುವಿನಾಕಾರದ ಟೊಪ್ಪಿ, ನಡುವೆ ಬಾಗಿಲು. ಹೊರಮುಖದ ಗೋಡೆ ಭಯಂಕರ ದಪ್ಪ, ಕಿಟಕಿ ಕಡಿಮೆ. ಊರಿನ ಕಡೆಗೆ ತಿರುಗಿದ ಮುಖದಲ್ಲಿ ಮಾತ್ರ ಸಾಲು ಸಾಲು ಕಿಟಕಿ, ಅಲಂಕಾರ. ತಳದ ನೆಲ ಜೌಗು, ಹಾಗಾಗಿ ಗೋಪುರಗಳು ಕುಸಿದು ಒಂದು ಪಕ್ಕಕ್ಕೆ ವಾಲಿ ನಿಂತಿವೆ. ಇದರೊಳಗೆ ತೋಪುಗಳನ್ನು ಇಡಲು ಜಾಗ ಮಾಡಿದ್ದರು, ಆದರೆ ಊರನ್ನು ಕಾಯಲು ಅವು ಒಮ್ಮೆಯೂ ಗುಂಡು ಹಾರಿಸಬೇಕಾಗಿ ಬರಲಿಲ್ಲ. ಬಂದವರಿಗೆ ನಮ್ಮೂರಿನ ಸಿರಿ ಎಂಥದ್ದು ನೋಡಿ ಎಂದು ತೋರಿಸುವುದು, ಹೊತ್ತು ತಂದ ಸರಕಿಗೆ ಸುಂಕ ಕಟ್ಟಿಸುವುದು, ಕತ್ತಲಾದ ಮೇಲೆ ಯಾರು ಒಳಗೆ ಯಾರು ಹೊರಗೆ ಎಂದು ತೀರ್ಮಾನಿಸುವುದು. ದ್ವಾರ ದಿನನಿತ್ಯ ಮಾಡಿದ ಕೆಲಸ ಇದು. 19ನೇ ಶತಮಾನದಲ್ಲಿ ರೈಲು ಬಂದು ಊರು ಬೆಳೆದಾಗ ಇದನ್ನು ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 1863ರಲ್ಲಿ ನಗರಸಭೆಯಲ್ಲಿ ಒಂದೇ ಒಂದು ಮತದ ಅಂತರದಲ್ಲಿ ಅದು ಉಳಿದುಕೊಂಡಿತು. ಪೋಲೆಂಡಿನ ಕ್ರಾಕೊ ನಗರದ ಫ್ಲೋರಿಯನ್ ದ್ವಾರದ್ದು ಇನ್ನೂ ಸ್ವಾರಸ್ಯ. ಸುತ್ತಲಿನ ಗೋಡೆಯನ್ನೆಲ್ಲ ಉರುಳಿಸುತ್ತಿದ್ದಾಗ, ಇದೊಂದು ತುಂಡನ್ನೂ ಬೀಳಿಸಿದರೆ ಬಡಗಣ ಗಾಳಿ ನೇರ ಪೇಟೆಗೆ ನುಗ್ಗಿ ಜನರಿಗೆ ಶೀತವಾದೀತು ಎಂದು ಒಬ್ಬ ಪ್ರೊಫೆಸರು ವಾದಿಸಿ ಗೆದ್ದರಂತೆ. ಇತಿಹಾಸ ಉಳಿಸಬೇಕು ಎಂದಿದ್ದರೆ ಯಾರು ಕೇಳುತ್ತಿದ್ದರು?

ಗೋಥಿಕ್ ಕಟ್ಟಡದ ಗುರುತು ಮೊನಚು ಕಮಾನು. ಅರ್ಧವೃತ್ತದ ಕಮಾನು ತನ್ನ ಮೇಲಿನ ಭಾರವನ್ನು ಎರಡು ಪಕ್ಕಗಳಿಗೆ ಜೋರಾಗಿ ತಳ್ಳುತ್ತದೆ, ಪಕ್ಕದ ಗೋಡೆ ದಪ್ಪ ಇಲ್ಲದಿದ್ದರೆ ಬಿರುಕು ಗ್ಯಾರಂಟಿ. ತುದಿಯನ್ನು ಚೂಪು ಮಾಡಿದರೆ ಭಾರ ಹೆಚ್ಚು ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಅಗಲ ಅಷ್ಟೇ ಇಟ್ಟುಕೊಂಡು ಎತ್ತರ ಎಷ್ಟು ಬೇಕೋ ಅಷ್ಟು ಏರಿಸಬಹುದು. ಇದು ಯುರೋಪಿನ ಸ್ವಂತ ಬುದ್ಧಿ ಎಂದೇನೂ ಭಾವಿಸಬೇಕಾಗಿಲ್ಲ. ಪ್ಯಾರಿಸ್ ಬಳಿಯ ಸೇಂಟ್ ಡೆನಿ ಚರ್ಚಿನಲ್ಲಿ 1140ರ ದಶಕದಲ್ಲಿ ಗೋಥಿಕ್ ಶೈಲಿ ಮೈತಳೆಯುವ ಎರಡೂವರೆ ಶತಮಾನ ಮೊದಲೇ ಕೈರೋದ ಇಬ್ನ್ ತುಲೂನ್ ಮಸೀದಿಯಲ್ಲಿ ಸಾಲುಸಾಲು ಮೊನಚು ಕಮಾನುಗಳಿದ್ದವು. ಅದೇ ಮೊನಚು ಕಮಾನು ಇನ್ನೊಂದು ದಾರಿಯಲ್ಲಿ ನಮ್ಮ ಕರ್ನಾಟಕಕ್ಕೂ ಬಂತು. ಲ್ಯೂಬೆಕ್‌ನಲ್ಲಿ ದ್ವಾರದ ಗಾರೆ ಒಣಗುತ್ತಿದ್ದ ಹೊತ್ತಿಗೆ, 1472ರಲ್ಲಿ, ಬೀದರದಲ್ಲಿ ಮಹಮೂದ್ ಗವಾನನ ಮದರಸಾ ಎದ್ದು ನಿಂತಿತ್ತು. ಅಲ್ಲಿನ ಕೋಟೆಯ ಶರ್ಜಾ ದರವಾಜ 1503ರದ್ದು, ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದ್ದು. ಬಾಗಿಲ ಮೇಲೆ ಕೆತ್ತಿದ ಎರಡು ಹುಲಿಗಳು ಇಂದಿಗೂ ಕಾವಲಿವೆ. ಕಾಲಮಾನದಲ್ಲೂ ಕಮಾನಿನಲ್ಲೂ ಯುರೋಪಿನ ಗೋಥಿಕ್ ದ್ವಾರಗಳಿಗೆ ಕನ್ನಡನಾಡಿನಲ್ಲಿ ಜತೆ ಹುಡುಕುವುದಾದರೆ ಬೀದರಕ್ಕೇ ಹೋಗಬೇಕು.

ಬೀದರ ನಮಗೆ ದೂರ. ಆದರೆ ಕೋಟೆಬಾಗಿಲಿನ ಯುಕ್ತಿ ಹೆಚ್ಚಿನ ಕಡೆ ಒಂದೇ. ಬಾಗಿಲನ್ನು ಸಾಮಾನ್ಯವಾಗಿ ದಾರಿಗೆ ನೇರವಾಗಿ ಇಡುವುದಿಲ್ಲ. ಒಂದು ಬಾಗಿಲು ದಾಟಿದ ಕೂಡಲೇ ಗೋಡೆ ಎದುರಾಗಬೇಕು, ಅಲ್ಲಿ ಸೊಂಟ ತಿರುಗಿಸಿದಂತೆ ತಿರುಗಿ ಎರಡನೆಯದಕ್ಕೆ ಹೋಗಬೇಕು. ಆನೆಯೋ ದಿಮ್ಮಿ ಹೊತ್ತ ಆಳುಗಳೋ ಓಡಿಬಂದು ಗುದ್ದುವುದಕ್ಕೆ ಬೇಕಾದ ಜಾಗವೇ ಅಲ್ಲಿ ಸಿಗುವುದಿಲ್ಲ. ಸಾಲದ್ದಕ್ಕೆ ಕದಕ್ಕೆ ಕಬ್ಬಿಣದ ಮೊಳೆ, ಮೇಲಿನಿಂದ ಬಾಣ, ಬಿಸಿ ಎಣ್ಣೆ, ಕಲ್ಲು. ದೊಡ್ಡ ಕದ ತೆರೆಯುವುದು ಅರಸನ ಸವಾರಿಗೋ ಜಾತ್ರೆಗೋ. ಉಳಿದ ದಿನಗಳಲ್ಲಿ ಅದರೊಳಗಿನ ದಿಡ್ಡಿಬಾಗಿಲು ಸಾಕು. ಒಬ್ಬೊಬ್ಬನೇ ತಲೆತಗ್ಗಿಸಿ ಬರಬೇಕು. ಆ ಭಂಗಿಯಲ್ಲಿ ಬಂದವನು ಕತ್ತಿ ಹಿರಿಯುವುದು ಹೇಗೂ ಕಷ್ಟ, ಸುಂಕ ತಪ್ಪಿಸುವುದು ಇನ್ನೂ ಕಷ್ಟ. ಇಷ್ಟೆಲ್ಲ ಜಾಣತನಕ್ಕೆ ಒಂದು ದೇವರ ಕಾವಲೂ ಬೇಕು. ಬೇಕಲ ಕೋಟೆಯ ಬಾಗಿಲಲ್ಲಿ ಆಂಜನೇಯ, ಮಡಿಕೇರಿಯಲ್ಲಿ ಕೋಟೆ ಗಣಪತಿ. ಬೆಂಗಳೂರಿನ ಪೇಟೆಯ ಹಲಸೂರು ಬಾಗಿಲನ್ನು 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಒಡೆಯಿತು. ಆ ಬಾಗಿಲು ಇಂದು ಇಲ್ಲ, ಹಲಸೂರು ಗೇಟ್ ಪೊಲೀಸ್ ಠಾಣೆ ಇದೆ. ಬಾಗಿಲಿನ ನಿಜವಾದ ಉದ್ಯೋಗ ಯಾವುದಾಗಿತ್ತು ಎಂಬುದಕ್ಕೆ ಇದೂ ಒಂದು ಸಾಕ್ಷಿ.

ನಮ್ಮ ಪಾಲಿನ ಕೋಟೆಬಾಗಿಲು ಯಾವುದು ಎಂದರೆ ಮಡಿಕೇರಿಯದ್ದು. ಸುಳ್ಯ, ಪುತ್ತೂರಿನವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಜಿಲ್ಲೆ ಬೇರೆ, ಹವೆ ಬೇರೆ, ಕಾಫಿಯ ನಾಡು. ಆದರೆ ಒಂದು ಕಾಲಕ್ಕೆ ಅಮರಸುಳ್ಯ ಮಾಗಣೆಯ ಅರಸು ಮಡಿಕೇರಿಯಲ್ಲಿದ್ದ. 18ನೇ ಶತಮಾನದ ಮೊದಲ ಭಾಗದಲ್ಲಿ ಈ ಮಾಗಣೆ ಕೆಳದಿ ಅರಸರಿಂದ ಕೊಡಗಿನ ಹಾಲೇರಿ ಅರಸರ ಕೈಗೆ ಬಂತು. ಟಿಪ್ಪುವಿನ ಪತನದ ಬಳಿಕ ಪಂಜ, ಬೆಳ್ಳಾರೆ ಸೀಮೆಗಳನ್ನೂ ಈಸ್ಟ್ ಇಂಡಿಯಾ ಕಂಪನಿಯವರು ಅವರಿಗೇ ಬಿಟ್ಟುಕೊಟ್ಟರು. ಘಟ್ಟದ ಮೇಲಿನ ಅರಸನಿಗೆ ಘಟ್ಟದ ಕೆಳಗಿನ ನೆಲದ ಮೇಲೆ ಯಾಕಿಷ್ಟು ಆಸೆ? ಉಪ್ಪು, ಒಣಮೀನು, ತೆಂಗಿನಕಾಯಿ. ಕಡಲಿನ ಸರಕು ಮೇಲೆ ಹೋಗಬೇಕಾದರೆ ನಮ್ಮೂರ ದಾರಿಯನ್ನೇ ಹಿಡಿಯಬೇಕು. ಈ ದಾರಿಗಳು ಗಡಿ ದಾಟುವಲ್ಲೆಲ್ಲ ಕೊಡಗಿನ ಅರಸರ ಉಕ್ಕಡಗಳಿದ್ದವು, ಒಂದಷ್ಟು ಕಾವಲಿನವರು, ಒಂದು ಅಡ್ಡಗಟ್ಟೆ. ಸಂಪಾಜೆ ಗೇಟಿನಲ್ಲಿ ಲಾರಿ ನಿಲ್ಲಿಸಿ ಚೀಟಿ ತೋರಿಸುವವರಿಗೆ ಈ ಉಕ್ಕಡದ ಕಲ್ಪನೆ ಕಷ್ಟವಾಗಲಾರದು.

ಮಡಿಕೇರಿಯ ಕೋಟೆಯನ್ನು ಮೊದಲು ಮಣ್ಣಿನಿಂದ ಕಟ್ಟಿಸಿದವನು ಮುದ್ದುರಾಜ, 1681ರ ಸುಮಾರಿಗೆ ಅವನು ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದ. ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು, ಊರಿಗೆ ಜಾಫರಾಬಾದ್ ಎಂದು ಹೊಸ ಹೆಸರಿಟ್ಟ. ಆರು ಮೂಲೆಯ ಕೋಟೆ, ಮೂಲೆಗೊಂದು ಗುಂಡಗಿನ ಕೊತ್ತಳ. ಪ್ರವೇಶ ಪೂರ್ವಕ್ಕೆ. ನೇರ ಒಳಗೆ ಹೋಗಲಾಗದು. ಒಂದರ ಹಿಂದೆ ಒಂದು ಮೂರು ಬಾಗಿಲು, ದಾರಿ ಬಳಸಿ ಬಳಸಿ ಏರುತ್ತದೆ, ಎರಡೂ ಕಡೆ ಗೋಡೆಯ ಮೇಲಿನವನ ಕಣ್ಣು ತಪ್ಪಿಸಲು ಜಾಗವಿಲ್ಲ. ಯುದ್ಧಶಾಸ್ತ್ರದ ಪುಸ್ತಕದಲ್ಲಿ ಚಿತ್ರ ಬರೆದು ತೋರಿಸುವಂಥ ಬಾಗಿಲು.

ಇಷ್ಟು ಪಕ್ಕಾ ಇದ್ದ ಬಾಗಿಲು ಬಿದ್ದದ್ದು ಹೇಗೆ ನೋಡಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕೊಡಗಿನ ಉಳಿದ ಠಾಣೆಗಳನ್ನೆಲ್ಲ ಗೆದ್ದು, 1790ರ ಸುಮಾರಿಗೆ ಮಡಿಕೇರಿಯನ್ನು ಮುತ್ತಿ ಕುಳಿತಿದ್ದ. ಒಳಗೆ ಟಿಪ್ಪುವಿನ ಕಿಲ್ಲೇದಾರ ಜಾಫರ್ ಅಲಿ ಬೇಗ್, ದವಸ ಮುಗಿಯುತ್ತಾ ಬಂದಿತ್ತು. ಆಗ ಮೈಸೂರಿನಿಂದ ಖಾದರ್ ಖಾನ್ ಎಂಬ ಸರದಾರ ಆಹಾರದ ಸಾಗಣೆಯೊಂದಿಗೆ ಹೊರಟ. ಕೊಡವರು ದಾರಿಯಲ್ಲೇ ಅವನನ್ನು ಸುತ್ತುವರಿದರು. ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಈ ಖಾದರ್ ಖಾನ್ ಹಿಂದೆ ಸೆರೆಯಲ್ಲಿದ್ದ ರಾಜನ ಕುಟುಂಬಕ್ಕೆ ಉಪಕಾರ ಮಾಡಿದ್ದವನು. ಸೋತು ಬರಿಗೈಯಲ್ಲಿ ಹೋದರೆ ಟಿಪ್ಪು ಅವನನ್ನು ಬಿಡುವುದಿಲ್ಲ ಎಂಬುದು ರಾಜನಿಗೆ ಗೊತ್ತು. ಹಾಗಾಗಿ ದವಸದ ಸಮೇತ ಅವನನ್ನು ಕೋಟೆಯೊಳಕ್ಕೆ ಹೋಗಲು ಬಿಟ್ಟ! ಮುತ್ತಿಗೆ ಹಾಕಿದವನೇ ಶತ್ರುವಿಗೆ ಅನ್ನ ಕಳಿಸಿದ ಉದಾಹರಣೆ ಚರಿತ್ರೆಯಲ್ಲಿ ಹೆಚ್ಚಿರಲಾರದು. ರಾಜನ ಲೆಕ್ಕ ಮಾತ್ರ ತಪ್ಪಲಿಲ್ಲ. ಆ ದವಸವೂ ಮುಗಿಯಿತು, ಹಸಿದವರು ಒಳಗಿನಿಂದಲೇ ಕದ ತೆರೆದರು, ರಾಜ ಅವರನ್ನು ಕ್ಷೇಮವಾಗಿ ಹೋಗಗೊಟ್ಟ. ಮೂರು ಬಾಗಿಲುಗಳಲ್ಲಿ ಒಂದನ್ನೂ ಒಡೆಯಬೇಕಾಗಲಿಲ್ಲ.

ಮಂಗಳೂರಿನ ಕೋಟೆಯದ್ದೂ ಇದೇ ಹಣೆಬರಹ. 1783ರ ಮೇ ತಿಂಗಳಿನಿಂದ ಟಿಪ್ಪು ಅದನ್ನು ಮುತ್ತಿದ್ದ, ಒಳಗಿದ್ದವನು ಕರ್ನಲ್ ಕ್ಯಾಂಪ್‌ಬೆಲ್. ಮರುವರ್ಷ ಜನವರಿಯಲ್ಲಿ ಹೊಟ್ಟೆಗಿಲ್ಲದೆ, ರೋಗಕ್ಕೆ ಸಿಕ್ಕಿ ಇಂಗ್ಲಿಷರು ಶರಣಾದರು. ಆಮೇಲೆ ಟಿಪ್ಪು ಕೋಟೆಯನ್ನೇ ಕೆಡವಿಸಿದ. ಮಂಗಳೂರಿಗೆ ಬಾಗಿಲಿಲ್ಲದೆ ಹೋದದ್ದು ಹೀಗೆ. ಮುಂದೆ ನಮ್ಮ ಕಡೆಯ ರೈತರಿಗೆ ಇದು ಉಪಯೋಗಕ್ಕೆ ಬಂತು.

1834ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ಕೊಡಗಿನ ಅರಸ ಚಿಕವೀರರಾಜೇಂದ್ರನ ಮೇಲೆ ನಾಲ್ಕು ದಿಕ್ಕಿನಿಂದ ಏರಿ ಹೋಯಿತು. ಈ ದಂಡಯಾತ್ರೆಯಲ್ಲಿ ನಮ್ಮ ಸೀಮೆಗೆ ಸಂಬಂಧಿಸಿದ ಒಂದು ತುಣುಕಿದೆ, ಶಾಲೆಯಲ್ಲಿ ಯಾರೂ ಕಲಿಸದ್ದು. ಕುಂಬಳೆ ಕಡೆಯಿಂದ ಹೊರಟ ಕರ್ನಲ್ ಜ್ಯಾಕ್ಸನ್ನನ ತುಕಡಿ ನಮ್ಮ ಕಾಡಿನ ದಾರಿಯಲ್ಲಿ ಅಡ್ಡಗಟ್ಟೆಗಳಿಗೆ ಸಿಕ್ಕಿ, ಪೆಟ್ಟು ತಿಂದು ಕಾಸರಗೋಡಿಗೆ ಹಿಂದಿರುಗಿತು. ಬಡಗಣ ದಿಕ್ಕಿನಿಂದ ಬಂದ ಕರ್ನಲ್ ವಾನ ತುಕಡಿಯೂ ಶನಿವಾರಸಂತೆಯ ಕಡೆ ಇಂಥದ್ದೇ ಒಂದು ಅಡ್ಡಗಟ್ಟೆಯ ಮುಂದೆ ಸೋತಿತು. ಕಡಿದು ಹಾಕಿದ ಮರ, ಬಿದಿರ ಮುಳ್ಳು, ಹಿಂದೆ ಅಡಗಿ ಕುಳಿತ ಕೋವಿ. ಕಲ್ಲಿಲ್ಲ, ಗಾರೆಯಿಲ್ಲ, ಕಮಾನಿಲ್ಲ. ಇತ್ತ ಮಡಿಕೇರಿಯ ಕಲ್ಲಿನ ಬಾಗಿಲಿನ ಕತೆ? ದಿವಾನ ಅಪ್ಪಾರಂಡ ಬೋಪು ಸಂಧಾನಕ್ಕೆ ಬಂದು, ಕರ್ನಲ್ ಫ್ರೇಸರನ ಜತೆಗಿದ್ದ ಪಡೆಗೆ ತಾನೇ ದಾರಿ ತೋರಿಸಿದ. ಏಪ್ರಿಲ್ 6ರಂದು ಕೋಟೆಯ ಮೇಲೆ ಇಂಗ್ಲಿಷರ ಬಾವುಟ ಏರಿತು. ನಾಲ್ಕುನಾಡಿನ ಅರಮನೆಯಲ್ಲಿ ಅಡಗಿದ್ದ ರಾಜ ನಾಲ್ಕು ದಿನ ಬಿಟ್ಟು ಬಂದು ಶರಣಾದ. ಕೋಟೆಬಾಗಿಲನ್ನು ಕಾಯಬೇಕಾದವನು ಒಳಗಿರಲೇ ಇಲ್ಲ.

ರಾಜ್ಯ ಹೋದ ಮೇಲೆ ಅಮರಸುಳ್ಯ, ಪುತ್ತೂರಿನ ಸೀಮೆಗಳು ಕೆನರಾ ಜಿಲ್ಲೆಗೆ ಸೇರಿದವು. ಅರಸನ ಕಾಲದಲ್ಲಿ ಕಂದಾಯವನ್ನು ಭತ್ತವಾಗಿಯೇ ಅಳೆದು ಕೊಡುತ್ತಿದ್ದ ರೈತರಿಗೆ ಈಗ ರೊಕ್ಕವೇ ಬೇಕೆಂಬ ಆಜ್ಞೆ. ಬೆಳೆದ ಭತ್ತವನ್ನು ಸಿಕ್ಕ ಬೆಲೆಗೆ ವ್ಯಾಪಾರಿಗೆ ಸುರಿದು, ಆ ರೊಕ್ಕವನ್ನು ಸರಕಾರಕ್ಕೆ ಕಟ್ಟಿ, ಮಳೆಗಾಲದಲ್ಲಿ ಊಟಕ್ಕೆ ಅದೇ ಭತ್ತವನ್ನು ಸಾಲಕ್ಕೆ ತರುವುದು. ಉಪ್ಪು, ಹೊಗೆಸೊಪ್ಪಿನ ಮೇಲೆಯೂ ಸರಕಾರದ್ದೇ ಹಿಡಿತ. ಇದರ ಫಲವೇ 1837ರ ದಂಗೆ, ನಮ್ಮಲ್ಲಿ ಹಳಬರ ಬಾಯಲ್ಲಿ ಕಲ್ಯಾಣಪ್ಪನ ಕಾಟಕಾಯಿ. ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮುಂತಾದವರು ಜನ ಕೂಡಿಸಿದರು, ಅರಸನ ವಂಶದ ಕಲ್ಯಾಣಸ್ವಾಮಿ ಎಂದು ಪುಟ್ಟಬಸಪ್ಪನನ್ನು ಮುಂದೆ ಮಾಡಿದರು. ಬೆಳ್ಳಾರೆಯ ಖಜಾನೆ ಮೊದಲು ಕೈವಶವಾಯಿತು. ಅಲ್ಲಿಂದ ಪುತ್ತೂರು, ಬಂಟವಾಳ. ಏಪ್ರಿಲ್ 5ರಂದು ಮಂಗಳೂರು. ದಾರಿಯುದ್ದಕ್ಕೂ ಜನ ಸೇರುತ್ತಾ ಹೋದರು. ತಡೆಯಲು ಕೋಟೆಯಿಲ್ಲ, ಮುಚ್ಚಲು ಬಾಗಿಲಿಲ್ಲ, ಸಾಹೇಬರು ದೋಣಿ ಹತ್ತಿ ಕಣ್ಣನೂರಿನ ಕಡೆ ಹೋದರು. ಬಾವುಟಗುಡ್ಡೆಯಲ್ಲಿ ರೈತರ ಬಾವುಟ ಹಾರಿತು. 13 ದಿನ ಮಂಗಳೂರು ನಮ್ಮವರ ಕೈಯಲ್ಲಿತ್ತು. ಕೊನೆಗೆ ಕಣ್ಣನೂರಿನಿಂದ ಸೈನ್ಯ ಬಂದು ಎಲ್ಲ ಮುಗಿಯಿತು.

ಬಾಗಿಲಿಲ್ಲದ ಊರು ಎಷ್ಟು ಸುಲಭದಲ್ಲಿ ಸಿಗುತ್ತದೋ ಅಷ್ಟೇ ಸುಲಭದಲ್ಲಿ ಕೈತಪ್ಪುತ್ತದೆ, ಇದನ್ನೂ ಹೇಳಬೇಕು. ಮಂಗಳೂರಿನಲ್ಲಿ ಕೋಟೆ ಇದ್ದಿದ್ದರೆ ದಂಗೆಯವರು ಒಳಗೆ ಕುಳಿತು ಇನ್ನೊಂದು ಮಳೆಗಾಲದವರೆಗೆ ಹಿಡಿದು ನಿಲ್ಲುತ್ತಿದ್ದರು ಎಂದು ವಾದಿಸುವವರಿದ್ದಾರೆ. ನನಗೆ ನಂಬಿಕೆಯಿಲ್ಲ. ಕೋಟೆ ಇದ್ದಿದ್ದರೆ ಅದು ಸಾಹೇಬರ ಕೈಯಲ್ಲೇ ಇರುತ್ತಿತ್ತು.

ಮಡಿಕೇರಿಯ ಕೋಟೆಬಾಗಿಲು ನಮ್ಮ ಸೀಮೆಯ ಕತೆಯೊಳಗೆ ಮತ್ತೊಮ್ಮೆ ಬರುವುದು ಇಲ್ಲಿ. 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ, ಮನೆಮಂದಿಯ ಕಣ್ಣೆದುರಿಗೇ ಗಲ್ಲಿಗೇರಿಸಿದರು. ಮಂಗಳೂರಿನ ಬಿಕರ್ನಕಟ್ಟೆಯಲ್ಲೂ ಗಲ್ಲುಗಳಾದವು. ಗಲ್ಲಿಗೆ ಕೋಟೆಯೇ ಯಾಕೆ? ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಮಿಕಲ್‌ಗೇಟ್ ಬಾರ್ ಎಂಬ ಮಧ್ಯಯುಗದ ದ್ವಾರವಿದೆ. ರಾಜದ್ರೋಹಿಗಳೆನಿಸಿದವರ ತಲೆ ಕಡಿದು ಅದರ ಮೇಲೆ ನೆಡುವುದು ಶತಮಾನಗಳ ವಾಡಿಕೆಯಾಗಿತ್ತು. ಸಂತೆಗೆ ಬರುವವನು, ಕಂದಾಯ ಕಟ್ಟಲು ಬರುವವನು, ಎಲ್ಲರೂ ತಲೆ ಎತ್ತಿ ನೋಡಿಯೇ ಒಳಗೆ ಹೋಗಬೇಕು. ಮಡಿಕೇರಿಯಲ್ಲಿ ಮಾಡಿದ್ದೂ ಅದೇ ಪಾಠ. 44 ವರ್ಷಗಳ ಅಂತರದಲ್ಲಿ ಎರಡು ಬಾರಿ ಶತ್ರುವಿಗೆ ಸದ್ದಿಲ್ಲದೆ ತೆರೆದುಕೊಂಡ ಬಾಗಿಲು, ಒಳಗಿನ ಜನರನ್ನು ಹೆದರಿಸುವ ಕೆಲಸಕ್ಕೆ ಚೆನ್ನಾಗಿಯೇ ಒದಗಿತು.

ಗೋಥಿಕ್ ಎಂದು ಹೊರಟು ಎಲ್ಲಿಗೋ ಬಂದೆ ಎನ್ನುವವರಿಗೆ ಒಂದು ವಿಷಯ ಬಾಕಿಯಿದೆ. ಅದೇ ಕೋಟೆಯ ಒಳಗೆ, ಅರಮನೆಯ ಮುಂದೆ ಒಂದು ವೀರಭದ್ರ ಗುಡಿಯಿತ್ತು. ಇಂಗ್ಲಿಷರು 1855ರಲ್ಲಿ ಅದನ್ನು ತೆಗೆಸಿ, 1859ರಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿಸಿದರು. ಮೊನಚು ಕಮಾನಿನ ಕಿಟಕಿ, ಬಣ್ಣದ ಗಾಜು, ಎಲ್ಲವೂ ಗೋಥಿಕ್ ಅಚ್ಚಿನಲ್ಲಿ. ಮಧ್ಯಯುಗದ್ದಲ್ಲ, ಅದನ್ನು ನೆನೆದು ಕಟ್ಟಿದ ವಿಕ್ಟೋರಿಯನ್ ನಕಲು. ಸ್ವಾತಂತ್ರ್ಯದ ನಂತರ ಪ್ರಾರ್ಥನೆ ನಿಂತು, 1971ರಿಂದ ಅದು ಸರಕಾರಿ ವಸ್ತುಸಂಗ್ರಹಾಲಯ. ಒಳಗೆ ಜಿನಬಿಂಬಗಳು, ವೀರಗಲ್ಲುಗಳು. ಗುಡಿ ಹೋಗಿ ಚರ್ಚು ಬಂದು, ಚರ್ಚಿನೊಳಗೆ ತೀರ್ಥಂಕರರು ಬಂದು ಕುಳಿತದ್ದನ್ನು ನೋಡಿದರೆ ನಗಬೇಕೋ ಸುಮ್ಮನಿರಬೇಕೋ ತಿಳಿಯುವುದಿಲ್ಲ. ಅರಮನೆಯಲ್ಲಂತೂ ದಶಕಗಟ್ಟಲೆ ಸರಕಾರಿ ಕಚೇರಿಗಳೇ ಇದ್ದವು. ಕೊಡಗಿನ ಜನ ಪಹಣಿಗೂ ಪಿಂಚಣಿಗೂ ಅಲೆದದ್ದು ಇದೇ ಬಳಸುದಾರಿಯಲ್ಲಿ.

ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು, ಒಳ್ಳೆಯದಾಯಿತು. ಆದರೆ ಈ ಇಡೀ ಕತೆಯಲ್ಲಿ ನಮ್ಮವರು ನಿಜಕ್ಕೂ ಒಡೆದು ತೆರೆದ ಬಾಗಿಲೆಂದರೆ ಬೆಳ್ಳಾರೆಯ ಖಜಾನೆಯದ್ದು. ಅದು ಇದ್ದ ಬಂಗ್ಲೆಗುಡ್ಡೆ ಎಂದರೆ ಅಲ್ಲಿನ ಮಕ್ಕಳೂ ತೋರಿಸುತ್ತಾರೆ. ಇನ್ನೊಂದು ಮಹಾದ್ವಾರಕ್ಕೆ ರಶೀದಿ ಪುಸ್ತಕ ಹಿಡಿದು ಬರುವವರು ಒಂದು ಬಾರಿ ಆ ಗುಡ್ಡಕ್ಕೂ ಹತ್ತಲಿ, ಕಾಂಕ್ರೀಟಿಗೆ ಎತ್ತಿಟ್ಟದ್ದರಲ್ಲಿ ಅರ್ಧ ಅಲ್ಲಿಗೆ ತಿರುಗಿಸಲಿ. ಮಾಣಿ–ಮೈಸೂರು ರಸ್ತೆಯಲ್ಲಿ ಮಡಿಕೇರಿಗೆ ಹೋಗುವವರು ರಾಜಾಸೀಟಿಗೆ ಓಡುವ ಮೊದಲು ಕೋಟೆಯ ಎರಡನೆಯ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತು, ಮೇಲಿನ ಗೋಡೆಯಿಂದ ತಮ್ಮ ತಲೆ ಎಷ್ಟು ಚೆನ್ನಾಗಿ ಕಾಣಿಸುತ್ತಿರಬಹುದು ಎಂದು ಅಂದಾಜು ಮಾಡಲಿ. ಮಕ್ಕಳಿಗೆ ಚರ್ಚಿನ ಕಮಾನನ್ನೂ ತೋರಿಸಬಹುದು. ವಸ್ತುಸಂಗ್ರಹಾಲಯದ ರಜಾದಿನ ಮಾತ್ರ ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.